ಬಾಣಲೆ ಮುಟ್ಟದ ಕೈ

ಮಿಷನ್ ಕಸೂತಿ ಅಂದ ತಕ್ಷಣ "ಆಹಾ, ಎಂಥ ಕಲೆ!" ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕಲೆಯಂತೆ ಕಲೆ! ಕಾಲಲ್ಲಿ ತುಳಿಯುವ ಮಿಷನ್ನಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ಕೂತು, ಉಸಿರು ಬಿಟ್ಟರೆ ಹಾರುವಂಥ ತೆಳು ರೇಷ್ಮೆಯ ಮೇಲೆ ಹೂವು ಎಬ್ಬಿಸಿದವರನ್ನು ಒಮ್ಮೆ ಕೇಳಿ ನೋಡಿ. ಅವರು ಕಲೆಯ ಮಾತಾಡುವುದಿಲ್ಲ, ಸೊಂಟದ ಮಾತಾಡುತ್ತಾರೆ. ನಾನು ಶಿಡ್ಲಘಟ್ಟದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಎಷ್ಟೋ ವರ್ಷ ಆ ಕೆಲಸ ಮಾಡಿದೆ. ಎಷ್ಟು ಮದುವೆ ಸೀರೆಗಳಿಗೆ ಬಳ್ಳಿ ಹಬ್ಬಿಸಿದೆನೋ ನೆನಪಿಲ್ಲ. ನೆನಪಿರುವುದು ಒಂದೇ ಒಂದು ತುಂಡು ಬಟ್ಟೆ. ಅದನ್ನು ಯಾರೂ ಉಡಲಿಲ್ಲ.

ನನಗೆ ಹದಿಮೂರು ತುಂಬಿದ ವರ್ಷ ಅಪ್ಪ ತೀರಿಕೊಂಡರು. ನಮ್ಮದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಮನೆ. ಹಿತ್ತಿಲ ಕಡೆಯ ಕೊಟ್ಟಿಗೆಯಂಥ ಕೋಣೆಯಲ್ಲಿ ಒಂದು ಒಲೆ, ಒಲೆಯ ಮೇಲೆ ಅಗಲವಾದ ಬಾಣಲೆ, ಬಾಣಲೆಯಲ್ಲಿ ಕುದಿಯುವ ನೀರು, ನೀರಿನಲ್ಲಿ ತೇಲುವ ಗೂಡು. ಒಬ್ಬರು ಬಾಣಲೆಯ ಮುಂದೆ ಕೂತು ಬೆಂದ ಗೂಡುಗಳಿಂದ ಎಳೆ ಎತ್ತಿ ಸೇರಿಸಿ ಕೊಡಬೇಕು, ಇನ್ನೊಬ್ಬರು ಚರಕ ತಿರುಗಿಸಬೇಕು. ಅಪ್ಪ ಇದ್ದಾಗ ಬಾಣಲೆ ಅವರದು, ಚರಕ ಅಮ್ಮನದು. ಅಪ್ಪ ಹೋದ ಮೇಲೆ ಬಾಣಲೆಯ ಮುಂದಿನ ಮಣೆಯ ಮೇಲೆ ಅಕ್ಕ ಕೂತಳು. ಅವಳಿಗಾಗ ಹದಿನೇಳು. ಯಾರೂ ಅವಳನ್ನು ಕೂರು ಅನ್ನಲಿಲ್ಲ. ದಿಬ್ಬೂರಹಳ್ಳಿಯಿಂದ ಗೂಡು ಬಂದು ಬಿದ್ದಿತ್ತು, ಇನ್ನೆರಡು ದಿನ ಬಿಟ್ಟರೆ ಚಿಟ್ಟೆ ತೂತು ಮಾಡಿಕೊಂಡು ಆಚೆ ಬರುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಹೋಗಿ ಕೂತಳು, ಅಷ್ಟೆ.

ನೂಲು ಬಿಚ್ಚುವವರ ಕೈ ನೋಡದವರಿಗೆ ಅದನ್ನು ಹೇಗೆ ಹೇಳಲಿ! ದಿನವಿಡೀ ಸುಡುನೀರಿನಲ್ಲಿ ಅದ್ದಿ ಅದ್ದಿ ಬೆರಳ ಚರ್ಮ ಬೆಳ್ಳಗೆ ಉಬ್ಬುತ್ತದೆ, ರಾತ್ರಿ ಒಣಗುತ್ತದೆ, ಬೆಳಗಾಗುವಷ್ಟರಲ್ಲಿ ಸೀಳುತ್ತದೆ. ಮರುದಿನ ಆ ಸೀಳಿಗೇ ಮತ್ತೆ ಬಿಸಿನೀರು. ಕೆಲವೇ ತಿಂಗಳಲ್ಲಿ ಅಕ್ಕನ ಕೈ ಅಪ್ಪನ ಕೈಯ ಹಾಗಾಯಿತು. ಅದರ ಮೇಲೆ ಬೆಂದ ಹುಳದ ವಾಸನೆ. ಸೀಗೆಪುಡಿ ಹಾಕಿ ತಿಕ್ಕಿದರೂ, ನಿಂಬೆಹಣ್ಣು ಹಚ್ಚಿದರೂ ಹೋಗುತ್ತಿರಲಿಲ್ಲ. ಅವಳನ್ನು ನೋಡಲು ಚಿಂತಾಮಣಿಯಿಂದ ಬಂದ ಗಂಡಿನ ಕಡೆಯವರು ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಆಮೇಲೆ ಅಕ್ಕ ಯಾರಿಗೂ ತಟ್ಟೆ ಹಿಡಿದುಕೊಂಡು ಬರಲು ಒಪ್ಪಲಿಲ್ಲ.

ನನ್ನನ್ನು ಮಿಷನ್ನಿಗೆ ಕೂರಿಸಿದ್ದೂ ಅಕ್ಕನೇ. ನಮ್ಮ ಹಿಂದಿನ ಬೀದಿಯಲ್ಲಿ ಗೌರಿಬಿದನೂರು ತಾಲ್ಲೂಕಿನ ಅಲೀಪುರದಿಂದ ಮದುವೆಯಾಗಿ ಬಂದ ಒಬ್ಬ ಹೆಂಗಸಿದ್ದರು. ನಾವೆಲ್ಲ ಖಾಲಾ ಅನ್ನುತ್ತಿದ್ದೆವು, ಚಿಕ್ಕಮ್ಮ ಅಂತ. ಮಿಷನ್ನಿನಲ್ಲಿ ಕಸೂತಿ ಹಾಕುವುದರಲ್ಲಿ ಅವರದು ಎತ್ತಿದ ಕೈ. ಬಟ್ಟೆ ಒತ್ತುವ ಪಾದವನ್ನು ಬಿಚ್ಚಿಟ್ಟು, ಕೆಳಗಿನ ಹಲ್ಲು ಬಟ್ಟೆ ಎಳೆಯದಂತೆ ಮಾಡಿ, ಬಟ್ಟೆಯನ್ನು ಬಳೆಯಂಥ ರಿಂಗಿನಲ್ಲಿ ಬಿಗಿದು ಎರಡು ಕೈಯಲ್ಲಿ ಓಡಿಸುತ್ತಿದ್ದರು. ಕಾಲು ಒಂದೇ ಸಮ ತುಳಿಯಬೇಕು, ಕೈ ಸೂಜಿಯ ಜತೆ ಹೋಗಬೇಕು. ಕೈ ಮುಂದಾದರೆ ಸೂಜಿ ಮುರಿಯುತ್ತದೆ, ಹಿಂದಾದರೆ ಅಡಿಯಲ್ಲಿ ದಾರ ಗಂಟು ಕಟ್ಟುತ್ತದೆ. ಅಕ್ಕ ನನ್ನನ್ನು ಅವರ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು.

ಖಾಲಾ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಒಂದು ಚೂರು ರೇಷ್ಮೆ ತಂದು ಮೊಣಕಾಲ ಮೇಲೆ ಹಾಸಿ, "ಸವರು ಬೇಟಿ" ಅಂದರು. ಸವರಿದೆ. ಸದ್ದಿಲ್ಲ. ಆಮೇಲೆ ಅಕ್ಕನಿಗೂ ಸವರು ಅಂದರು. ಅಕ್ಕ ಮೆಲ್ಲಗೆ ಕೈ ಎಳೆದಳು. ಚರ್ ಅಂತ ಸದ್ದಾಯಿತು. ಬೆರಳಿನ ಸೀಳಿಗೆ ಸಿಕ್ಕಿ ಒಂದು ಎಳೆ ಬಟ್ಟೆಯಿಂದ ಎದ್ದು ನಿಂತಿತ್ತು.

"ನೋಡಿದ್ಯಾ? ಈ ಕೈ ಹಿಂಗೇ ಇರ್ಬೇಕು ಅಂದ್ರೆ ಆ ಕೈ ಹಂಗೇ ಇರ್ಬೇಕಾಗ್ತದೆ. ಮನೆ ಕೆಲ್ಸ, ಬಾಣಲೆ ಕೆಲ್ಸ ಯಾವ್ದೂ ಇವಳಿಗೆ ಬೇಡ. ಆಗ್ತದಾ?" ಅಂತ ಖಾಲಾ ಅಕ್ಕನನ್ನೇ ಕೇಳಿದರು.

"ಆಗುತ್ತೆ ಬಿಡಿ ಖಾಲಾ. ಎರಡು ಕೈ ನಂದಿವೆಯಲ್ಲ" ಅಂದಳು ಅಕ್ಕ, ನಗುತ್ತಾ.

ಅವತ್ತಿನಿಂದ ನಮ್ಮ ಮನೆಯಲ್ಲಿ ನನ್ನ ಕೈಗೆ ಒಂದು ಕಾನೂನು. ಪಾತ್ರೆ ತಿಕ್ಕಬಾರದು. ಸಗಣಿ ಮುಟ್ಟಬಾರದು. ಹುಣಸೆಹಣ್ಣು ಕಿವುಚಬಾರದು. ಬಾವಿಯ ಹಗ್ಗ ಎಳೆಯಬಾರದು. ಬಾಣಲೆಯ ಹತ್ತಿರವಂತೂ ಸುಳಿಯಲೇಬಾರದು. ಮಲಗುವ ಮುಂಚೆ ಅಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿ ನನ್ನ ಬೆರಳಿಗೆ ತಿಕ್ಕುತ್ತಿದ್ದಳು, ಅಕ್ಕ ಪಕ್ಕದಲ್ಲೇ ತನ್ನ ಸೀಳು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಿದ್ದಿರುತ್ತಿದ್ದಳು. "ಅವಳಿಗೂ ಹಚ್ಚಮ್ಮ" ಅಂದರೆ ಅಕ್ಕ, "ಬೆಳಿಗ್ಗೆ ನೀರಿಗೆ ಬಿದ್ರೆ ಹೋಗೋ ಎಣ್ಣೆ, ದಂಡ ಕಣೇ" ಅನ್ನುತ್ತಿದ್ದಳು. ಬೀದಿಯವರು ನನ್ನನ್ನು "ಏನಮ್ಮ ಮಹಾರಾಣಿ, ಇವತ್ತು ಕೈಗೆ ಏನು ಹಚ್ಚಿದ್ರು?" ಅಂತ ಆಡಿಕೊಳ್ಳುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕೇಳಿದ್ದೆನೇ ನಾನು? ನನ್ನ ಕೈ ಕಾಪಾಡಿ ಅಂತ ಯಾರ ಕಾಲಿಗಾದರೂ ಬಿದ್ದಿದ್ದೆನೇ?

ಏಳು ವರ್ಷ ಹೀಗೇ ನಡೆಯಿತು. ಪಡಸಾಲೆಯಲ್ಲಿ ನನ್ನ ಮಿಷನ್ನಿನ ಸದ್ದು, ಹಿಂದೆ ಅಮ್ಮನ ಚರಕದ ಸದ್ದು. ಎರಡೂ ನಿಂತ ಮೇಲೆ ಮೂವರೂ ಉಂಡು ಮಾತಿಲ್ಲದೆ ಮಲಗುತ್ತಿದ್ದೆವು. ಈಗ ಯೋಚಿಸಿದರೆ ಆ ಏಳು ವರ್ಷದಲ್ಲಿ ನಾವು ಅಕ್ಕತಂಗಿಯರು ಕೂತು ಹರಟಿದ್ದೇ ಇಲ್ಲವೇನೋ. ಅಷ್ಟು ದಣಿವು. ಅವಳ ಕೆಲಸದ ಬಗ್ಗೆ ನಾನು ಕೇಳಲಿಲ್ಲ, ನನ್ನ ಕೆಲಸದ ಬಗ್ಗೆ ನಾನು ಹೇಳಲಿಲ್ಲ. ಯಾವ ದಾರ ಹೇಗೆ, ಯಾವ ಬಣ್ಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ, ಇದನ್ನೆಲ್ಲ ಖಾಲಾ ನನಗೆ ಹೇಳಿಕೊಟ್ಟಿದ್ದರು. ನಾನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಕಸೂತಿ ಕಲಿಸುವ ಒಂದು ಕೇಂದ್ರ ತೆರೆಯುತ್ತಾರೆ, ಕಲಿಸಲು ಒಬ್ಬಳು ಬೇಕು, ತಿಂಗಳ ಸಂಬಳ ಅಂತ ಖಾಲಾ ಸುದ್ದಿ ತಂದರು. ಮನೆಯಲ್ಲಿ ಹಾಕಿದ ಒಂದು ಕಸೂತಿಯ ತುಂಡನ್ನು ತೋರಿಸಬೇಕು, ಅಲ್ಲೇ ಕೂತು ಒಂದಿಷ್ಟು ಹಾಕಬೇಕು. ಸುದ್ದಿ ಕೇಳಿ ಅಕ್ಕ ಬಾಣಲೆಯಿಂದ ಕೈ ಎತ್ತಿ ಹಾಗೇ ಎದ್ದು ಬಂದಳು. ಮೊಣಕೈವರೆಗೆ ನೀರು ಇಳಿಯುತ್ತಿತ್ತು.

"ಆ ಕೆಲಸ ನಿಂಗೆ ಸಿಕ್ಕಿದ ದಿನಾನೇ ನಾನು ಬಾಣಲೆ ಬಿಡ್ತೀನಿ ಕಣೇ. ಒಲೆ ಆರಿಸಿ, ಬಾಣಲೆ ಮಾರಿಬಿಡಣ. ಏನಂತೀಯಮ್ಮ?" ಅಂತ ಅಮ್ಮನ ಕಡೆ ತಿರುಗಿದಳು.

ಅಮ್ಮನಿಗೆ ಕಣ್ಣಲ್ಲಿ ನೀರು ಬಂದಾಗ ತೆಲುಗು ಬರುತ್ತಿತ್ತು. "ಅಟ್ಲೇ ಕಾನೀ ತಲ್ಲೀ" ಅಂದಳು, ಹಾಗೇ ಆಗಲಿ ತಾಯಿ ಅಂತ.

ಒಂದು ಮೊಳ ಬಿಳಿ ರೇಷ್ಮೆ ತಂದೆವು. ತೆಳು ಅಂದರೆ ತೆಳು, ಅಂಗೈ ಮೇಲೆ ಹಾಸಿದರೆ ಕೈಗೆರೆ ಕಾಣುತ್ತಿತ್ತು. ದ್ರಾಕ್ಷಿ ಗೊಂಚಲು ಹಾಕುವುದೆಂದು ನಾನೇ ಗೊತ್ತುಮಾಡಿದೆ. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ತೋಟಗಳಿದ್ದವು, ಅಲ್ಲಿಯವರಿಗೆ ಹಿಡಿಸಬಹುದು ಅಂತ ನನ್ನ ಲೆಕ್ಕ. ಖಾಲಾ ಎಣ್ಣೆಕಾಗದದ ಮೇಲೆ ಗೊಂಚಲು ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ತೂತು ಚುಚ್ಚಿಕೊಟ್ಟರು. ಅದನ್ನು ರೇಷ್ಮೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಬಟ್ಟೆಯುಂಡೆಯಿಂದ ಒರೆಸಿದರೆ ಕೆಳಗೆ ಚುಕ್ಕಿಚುಕ್ಕಿಯಾಗಿ ಚಿತ್ರ ಮೂಡುತ್ತದೆ. ರೇಷ್ಮೆ ಸುಕ್ಕಾಗದಿರಲಿ ಅಂತ ಅಡಿಗೆ ತೆಳುಕಾಗದ ಕೊಟ್ಟು, ಎಲ್ಲಕ್ಕಿಂತ ಸಣ್ಣ ಸೂಜಿ ಹಾಕಿ ಶುರುಮಾಡಿದೆ. ಚಿಂತಾಮಣಿ ಸಂತೆಯಿಂದ ತರಿಸಿದ ಮೂರು ನೇರಳೆ ದಾರಗಳು, ಒಂದು ಕಡು, ಒಂದು ನಡುವಿನದು, ಒಂದು ತಿಳಿ. ಒಂದೊಂದು ಹಣ್ಣಿಗೂ ಮೂರೂ ಬಣ್ಣ ಸೇರಿಸಿ ನೆರಳು ಕೊಡಬೇಕು. ದಾರ ಕೊಡುವಾಗಲೇ ಖಾಲಾ, "ಈ ನೇರಳೆಗೆ ನೀರು ತೋರಿಸ್ಬೇಡ ಬೇಟಿ, ಓಡಿಹೋಗ್ತದೆ" ಅಂದಿದ್ದರು. ನಾನು ಹೂಂ ಅಂದಿದ್ದೆ.

ಮೂರು ವಾರ ಹಿಡಿಯಿತು. ಬೇರೆಯವರ ಸೀರೆ ಕೆಲಸ ಬಿಡುವ ಹಾಗಿರಲಿಲ್ಲ, ಅದು ಮುಗಿದ ಮೇಲೆ ಇದು. ಪರೀಕ್ಷೆಯ ಹಿಂದಿನ ದಿನ ಸಂಜೆ ಕೊನೆಯ ಎಲೆ ಮುಗಿಯಿತು. ರಿಂಗು ಬಿಚ್ಚಿ, ಅಡಿಯ ಕಾಗದ ಹರಿದು ತೆಗೆದು ಹಿಡಿದು ನೋಡಿದೆ. ಹೇಳಬಾರದು, ಆದರೂ ಹೇಳುತ್ತೇನೆ, ಚೆನ್ನಾಗಿತ್ತು. ಕಿತ್ತು ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುವಷ್ಟು ಚೆನ್ನಾಗಿತ್ತು. ಆದರೆ ಹಣ್ಣುಗಳ ಸುತ್ತ ಅಲ್ಲಲ್ಲಿ ನೀಲಿ ಚುಕ್ಕಿ ಉಳಿದಿದ್ದವು, ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕೊಳೆ. ಹತ್ತಿಗೆ ಸೀಮೆಎಣ್ಣೆ ಮುಟ್ಟಿಸಿ ಒಂದೊಂದೇ ಚುಕ್ಕಿಯನ್ನು ಒರೆಸಿ ತೆಗೆಯಬೇಕು. ಒಂದು ಗಂಟೆಯ ಕೆಲಸ. ನನ್ನ ಕಣ್ಣು ಮುಚ್ಚಿಹೋಗುತ್ತಿತ್ತು, ಬೆನ್ನು ಯಾರೋ ಮುರಿದಿಟ್ಟಂತಿತ್ತು.

"ಇದೇನೇ ನೀಲಿ ನೀಲಿ? ಹಿಂಗೇ ತೋರಿಸ್ತೀಯಾ?" ಅಂತ ಅಕ್ಕ ಬಗ್ಗಿ ನೋಡಿದಳು. ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಬಟ್ಟೆಗೆ ತಾಗೀತು ಅಂತ.

"ಹೋಗುತ್ತೆ ಬಿಡು. ಬೆಳಿಗ್ಗೆ ನೋಡ್ಕೋತೀನಿ. ಸಾಕಾಗಿಹೋಗಿದೆ ನಂಗೆ, ಹಾಳಾಗ್ಲಿ" ಅಂದು ಗೋಡೆ ಕಡೆ ತಿರುಗಿ ಮಲಗಿದೆ. ಸೀಮೆಎಣ್ಣೆ ಹತ್ತಿಯಲ್ಲಿ ಒರೆಸಬೇಕು ಅಂತ ಒಂದು ಮಾತು ಹೇಳಲಿಲ್ಲ. ಹೇಳುವುದೇನಿತ್ತು? ಅವಳು ಆ ಬಟ್ಟೆಯನ್ನು ಮುಟ್ಟುವವಳೇ ಅಲ್ಲವಲ್ಲ.

ಬೆಳಿಗ್ಗೆ ಅಮ್ಮ ಅಲ್ಲಾಡಿಸಿ ಎಬ್ಬಿಸಿದಾಗ ಹೊತ್ತಾಗಿಹೋಗಿತ್ತು. ರೈಲಿಗೆ ಓಡಬೇಕು. ಸ್ನಾನ ಮಾಡಿ, ಒಂದು ತುತ್ತು ನುಂಗಿ, ಬಟ್ಟೆ ಎಲ್ಲಿ ಅಂದರೆ ಅಕ್ಕ ಆಗಲೇ ಅದನ್ನು ಮಡಿಸಿ, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ದಾರ ಕಟ್ಟಿ ಎದೆಗವಚಿಕೊಂಡು ನಿಂತಿದ್ದಾಳೆ. "ನಡಿ ನಡಿ, ಎಲ್ಲಾ ಆಗಿದೆ" ಅಂತ ನನ್ನನ್ನು ತಳ್ಳಿಕೊಂಡೇ ಹೊರಟಳು. ಅವತ್ತು ಅವಳು ಒಗೆದ ಸೀರೆ ಉಟ್ಟಿದ್ದಳು, ಕೈಗೆ ಹಸಿರು ಬಳೆ ಹಾಕಿದ್ದಳು. ಬಾಣಲೆಯವರು ಬಳೆ ಹಾಕುವುದಿಲ್ಲ, ಎಳೆಗೆ ಸಿಕ್ಕುತ್ತದೆ.

ಆಗ ನಮ್ಮೂರಿನ ಮೇಲೆ ಸಣ್ಣ ಹಳಿಯ ರೈಲು ಓಡುತ್ತಿತ್ತು. ಉಗಿಬಂಡಿ, ನಡೆದುಹೋಗುವವರೂ ಅದನ್ನು ಹಿಂದೆ ಹಾಕುತ್ತಾರೆ ಅಂತ ಜನ ನಗುತ್ತಿದ್ದರು. ಕಿಟಕಿಯ ಪಕ್ಕ ಕೂತೆ. ಅಕ್ಕ ಹೊರಗಿನಿಂದ ಗಂಟನ್ನು ನನ್ನ ಮಡಿಲಿಗೆ ಇಟ್ಟಳು.

"ಅಲ್ಲಿಗೆ ಹೋಗೋವರ್ಗೂ ಬಿಚ್ಬೇಡ, ಮಸಿ ಬೀಳುತ್ತೆ. ನೀಲಿ ಎಲ್ಲಾ ಹೋಯ್ತು ಕಣೇ. ನಾನೇ ಎದ್ದು ಒಲೆ ಹಚ್ಚಿ, ಬಾಣಲೆ ತೊಳೆದು, ಹೊಸ ನೀರಿಟ್ಟು, ಅಂಟುವಾಳ ಹಾಕಿ ಅದ್ದಿ ತೆಗ್ದೆ. ಕೈ ಹಾಕ್ಲಿಲ್ಲ ಕಣೇ, ಕಡ್ಡೀಲೇ ಎತ್ತಿದ್ದು, ಎಳೆ ಕೀಳುತ್ತೆ ಅಂತ" ಅಂದಳು.

"ಬಿಸಿನೀರಿಗಾ?" ಅಂದೆ.

"ಅಯ್ಯೋ, ರೇಷ್ಮೆ ಅಲ್ವೇನೇ? ಅದು ಹುಟ್ಟೋದೇ ಕುದಿಯೋ ನೀರಲ್ಲಿ. ನಂಗೆ ಗೊತ್ತಿಲ್ವಾ? ಎಷ್ಟು ಕೊಳೆ ಇತ್ತು ಅಂತೀಯ, ಬುಡ್ಡಿ ಬೆಳಕಲ್ಲೂ ಕಾಣಿಸ್ತಿತ್ತು, ನೀರೆಲ್ಲಾ ಬಣ್ಣ ಆಗ್ಬಿಡ್ತು. ಒಲೆ ಮೇಲೆ ಸ್ವಲ್ಪ ಹಿಡಿದು, ಇನ್ನೂ ತೇವ ಇರೋವಾಗ್ಲೇ ಕತ್ತಲಲ್ಲೇ ಮಡಿಸಿದೀನಿ, ಹೊತ್ತಾಗುತ್ತೆ ಅಂತ. ಇವತ್ತು ಹಚ್ಚಿದ್ದೇ ಕೊನೆ ಕಣೇ, ಒಲೆ ಆರಿಸಿ ನೀರು ಚೆಲ್ಲಿ ಬಂದಿದೀನಿ."

ರೈಲು ಹೊರಟಿತು. ಅವಳು ಬಳೆಯ ಕೈ ಎತ್ತಿ ಆಡಿಸುತ್ತಾ ಸ್ವಲ್ಪ ದೂರ ಓಡಿ ಬಂದಳು.

ಉಳಿದಿದ್ದ ನಾಲ್ಕು ಚುಕ್ಕಿ ನೀಲಿಗೆ ಒಂದು ಬಾಣಲೆ ನೀರು ಬಣ್ಣವಾಗುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ದಾರಿಯುದ್ದಕ್ಕೂ ಗಂಟು ಬಿಚ್ಚಲಿಲ್ಲ. ಮಸಿ ಬೀಳುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಧೈರ್ಯ ಬರಲಿಲ್ಲ. ಬಿಚ್ಚದಿರುವಷ್ಟು ಹೊತ್ತು ಅದು ಚೆನ್ನಾಗಿಯೇ ಇರಬಹುದಲ್ಲ. ಅಕ್ಕ ಅದನ್ನು ಬೇಗ ತೆಗೆದಿರಬಹುದು, ಹೊರಗಿನ ಬಣ್ಣ ಮಾತ್ರ ಹೋಗಿರಬಹುದು, ಹೀಗೆಲ್ಲ ಅಂದುಕೊಂಡು ಜೀವ ಕೈಯಲ್ಲಿ ಹಿಡಿದು ಕೂತೆ. ನಂದಿಬೆಟ್ಟ ಕಂಡಿತು, ಚಿಕ್ಕಬಳ್ಳಾಪುರ ಬಂತು.

ಪರೀಕ್ಷೆ ಒಂದು ಹಳೆಯ ಹೆಂಚಿನ ಕಟ್ಟಡದಲ್ಲಿ. ನಾವು ಆರು ಜನ ಹುಡುಗಿಯರು. ಬೆಂಗಳೂರಿನಿಂದ ಬಂದಿದ್ದ ಕನ್ನಡಕದ ಹೆಂಗಸೊಬ್ಬರು ಮೊದಲು ಎಲ್ಲರನ್ನೂ ಮಿಷನ್ನಿಗೆ ಕೂರಿಸಿ ಒಂದು ಎಲೆ, ಒಂದು ಹೂವು ಹಾಕಲು ಹೇಳಿದರು. ಕೂತೆ. ಕಾಲು ತಾನಾಗಿ ತುಳಿಯಿತು, ಕೈ ತಾನಾಗಿ ಓಡಿತು. ಆ ಹೊತ್ತಿನಲ್ಲಿ ನನಗೆ ಅಂಜಿಕೆಯೇ ಆಗಲಿಲ್ಲ, ಯಾಕೆಂದರೆ ಅಂಜಿಕೆಯೆಲ್ಲ ಆ ಗಂಟಿನ ಒಳಗಿತ್ತು. ಆ ಹೆಂಗಸು ನನ್ನ ಹಿಂದೆ ಬಂದು ನಿಂತರು, ಬಹಳ ಹೊತ್ತು ನಿಂತರು. "ಎಲ್ಲಿ ಕಲಿತೆಯಮ್ಮ? ಕೈ ಬಹಳ ಚೆನ್ನಾಗಿದೆ" ಅಂದರು. ಪಕ್ಕದವಳು ತಿರುಗಿ ನೋಡಿದಳು.

ಆಮೇಲೆ ಮನೆಯಿಂದ ತಂದದ್ದನ್ನು ಮೇಜಿನ ಮೇಲೆ ಹರಡಲು ಹೇಳಿದರು. ದಾರ ಬಿಚ್ಚಿದೆ, ಪಂಚೆ ಬಿಚ್ಚಿದೆ, ಬಟ್ಟೆ ಹರಡಿದೆ.

ನೀಲಿ ಚುಕ್ಕಿ ಒಂದೂ ಇರಲಿಲ್ಲ. ಗೊಂಚಲಿನ ಸುತ್ತ ಅಂಗೈಯಗಲ ನೇರಳೆ ಕದಡಿ ಹರಡಿತ್ತು, ಹಣ್ಣು ಜಜ್ಜಿ ರಸ ಸುರಿಸಿದ ಹಾಗೆ. ಮಡಿಸಿದ ಕಡೆಯೆಲ್ಲ ಅದೇ ಗೊಂಚಲಿನ ಅಚ್ಚು ಇನ್ನೆರಡು ಸಲ ಬಿದ್ದಿತ್ತು. ಎಲೆಯ ಹಸಿರು ಕೂಡ ಸ್ವಲ್ಪ ಇಳಿದಿತ್ತು. ಮೂರು ವಾರ ನಾನು ಒಂದೊಂದು ಹಣ್ಣಿಗೂ ಕೊಟ್ಟ ನೆರಳು ಎಲ್ಲಿತ್ತೋ ಹುಡುಕಬೇಕಾಗಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕನ್ನಡಕ ತೆಗೆದು ಮೆತ್ತಗೆ, "ಕೈ ಇದೆ ನಿನಗೆ. ಆದರೆ ಬಣ್ಣ ನಿಲ್ಲದ ದಾರವನ್ನು ಬಿಸಿನೀರಿಗೆ ಹಾಕಬಾರದು ಅಂತ ಗೊತ್ತಿಲ್ಲದವಳು ಬೇರೆ ಮಕ್ಕಳಿಗೆ ಏನು ಕಲಿಸುತ್ತೀಯಮ್ಮ?" ಅಂದರು.

ನ್ಯಾಯವಾದ ಮಾತು. ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ನಾನಲ್ಲ, ನನ್ನ ಅಕ್ಕ ಒಗೆದದ್ದು ಅಂತ. ನಾಲಿಗೆಯ ತುದಿಗೆ ಬಂತು. ಆ ಐದು ಹುಡುಗಿಯರ ಮುಂದೆ, ಹಸಿರು ಬಳೆ ಹಾಕಿಕೊಂಡು ಮನೆಯಲ್ಲಿ ಕಾಯುತ್ತಿರುವವಳ ಮೇಲೆ ಹೊರಿಸಲು ನಾಲಿಗೆ ಏಳಲಿಲ್ಲ. ಬಟ್ಟೆಯನ್ನು ಮಡಿಸಿ ಮತ್ತೆ ಪಂಚೆಯಲ್ಲಿ ಸುತ್ತಿದೆ. ಕೆಲಸ ಗೌರಿಬಿದನೂರಿನ ಒಬ್ಬ ಹುಡುಗಿಗೆ ಆಯಿತು. ದಪ್ಪ ದಪ್ಪ ದಾಸವಾಳ ಹಾಕಿದ್ದಳು, ನೋಡಲು ಏನೂ ಇರಲಿಲ್ಲ, ಆದರೆ ಬಟ್ಟೆ ಶುಭ್ರವಾಗಿತ್ತು.

ವಾಪಸು ರೈಲಿನಲ್ಲಿ ನನ್ನ ಎದುರಿಗೆ ಕೂತಿದ್ದ ಹೆಂಗಸಿನ ಮಗು ವಾಂತಿ ಮಾಡಿಕೊಂಡಿತು. ಅವಳು ಪಾಪ ಸೆರಗಿನಲ್ಲಿ ಒರೆಸುತ್ತಾ ಪರದಾಡುತ್ತಿದ್ದಳು. ಗಂಟು ಬಿಚ್ಚಿ ಬಟ್ಟೆ ಕೊಟ್ಟೆ. "ಅಯ್ಯಯ್ಯೋ, ರೇಷ್ಮೆ ಕಣಮ್ಮ ಇದು!" ಅಂದಳು. "ಪರವಾಗಿಲ್ಲ, ಹಾಳಾದದ್ದು, ಒರೆಸಿ ಬಿಸಾಕಿ" ಅಂದೆ. ಅವಳು ಒರೆಸಿ ಕಿಟಕಿಯಿಂದಾಚೆ ಎಸೆದಳು. ನಾನು ತಿರುಗಿ ನೋಡಲಿಲ್ಲ. ನನಗೆ ನಿದ್ದೆ ಬರುತ್ತಿತ್ತು, ಜೀವಮಾನದಲ್ಲಿ ಅಷ್ಟು ನಿದ್ದೆ ಯಾವತ್ತೂ ಬಂದಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹಿಂದಿನ ಕೋಣೆಯಲ್ಲಿ ಸದ್ದಿಲ್ಲ, ಹೊಗೆಯಿಲ್ಲ. ಬಾಣಲೆಯನ್ನು ಒಲೆಯಿಂದಿಳಿಸಿ, ತಿಕ್ಕಿ, ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಅಮ್ಮ ಪಡಸಾಲೆಯಲ್ಲಿ ಅಕ್ಕನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಹರಳೆಣ್ಣೆ ತಿಕ್ಕುತ್ತಿದ್ದಳು. ಏಳು ವರ್ಷದಲ್ಲಿ ಮೊದಲ ಸಲ. ಅಕ್ಕ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ನನ್ನ ಹೆಜ್ಜೆ ಕೇಳಿ ಕಣ್ಣು ಬಿಟ್ಟಳು.

"ಏನಂದ್ರೇ?"

ನಾನು ಅದಕ್ಕೆ ಏನು ಹೇಳಬೇಕು ಅಂತ ಯೋಚಿಸಿಕೊಂಡು ಬಂದವಳಲ್ಲ. ಒಳ್ಳೆಯತನದಿಂದ ಹೇಳಿದೆ ಅಂತ ಯಾರಾದರೂ ಅಂದುಕೊಂಡರೆ ಅದು ಸುಳ್ಳು. ನಿಜ ಹೇಳಿದರೆ ಅವಳು ಅಳುತ್ತಾಳೆ, ಅಮ್ಮ ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು, ಇಲ್ಲ ಅವಳ ಮೇಲೆ ಕೂಗಾಡಬೇಕು. ಎರಡಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. ನಾನು ಸುಸ್ತಾಗಿದ್ದೆ. ಸುಲಭವಾದದ್ದು ಬಾಯಿಗೆ ಬಂತು.

"ಆಗ್ಲಿಲ್ಲ ಅಕ್ಕ. ಅಲ್ಲಿ ಕೂರಿಸಿ ಹಾಕು ಅಂದ್ರು. ನನ್ನ ಕೈ ನಡುಗ್ಬಿಡ್ತು."

"ಬಟ್ಟೆ?"

"ಬಟ್ಟೆ ಚೆನ್ನಾಗಿತ್ತು. ಅವರೇ ಇಟ್ಕೊಂಡ್ರು."

ಅಕ್ಕ ಅಮ್ಮನ ಮಡಿಲಿನಿಂದ ಕೈ ಎಳೆದುಕೊಂಡಳು. ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಎದ್ದಳು.

"ನಡುಗ್ತಾ? ನಿನ್ನ ಕೈ ನಡುಗ್ತಾ? ಏನು ಭಾರ ಹೊತ್ತಿದ್ದೆ ಅಂತ ನಡುಗ್ತೇ ಅದು? ಏಳು ವರ್ಷ ಒಂದು ಲೋಟ ತೊಳೆಸಿದೀನಾ ನಿನ್ನ ಹತ್ರ? ನನ್ನ ಕೈ ಒಂದು ದಿನ ನಡುಗಿದ್ರೆ ಈ ಮನೇಲಿ ಅನ್ನ ಬೇಯ್ತಿತ್ತೇನೇ?"

ಅಮ್ಮ ನಡುವೆ ಬಂದು, "ಪೋನೀಲೇ ತಲ್ಲೀ, ಹೋಗ್ಲಿ ಬಿಡೇ, ಪಾಪ ಅವಳೂ ಹುಡುಗಿ" ಅಂದಳು.

"ಅವಳು ಹುಡುಗಿ, ನಾನೇನು ಮುದುಕೀನಾ?" ಅಂತ ಅಕ್ಕ ಕೂಗಿದಳು. ಆಗ ಅವಳಿಗೆ ಇಪ್ಪತ್ನಾಲ್ಕು. ಬಳೆಗಳನ್ನು ಒಂದೊಂದಾಗಿ ಕಳಚಿ ಗೋಡೆಯ ಗೂಡಿನಲ್ಲಿಟ್ಟು ಹಿಂದಕ್ಕೆ ಹೋದಳು. ಬಾಣಲೆಯನ್ನು ಒಲೆಯ ಮೇಲಿಡುವ ಸದ್ದು ಕೇಳಿಸಿತು. ನಾನು ಹೋಗಿ ಮಿಷನ್ನಿನ ಮುಂದೆ ಕೂತೆ. ಯಾರದೋ ಸೀರೆ ಅರ್ಧಕ್ಕೆ ನಿಂತಿತ್ತು.

ಆಮೇಲೆ ಆರು ವರ್ಷ ಅವಳು ಬಾಣಲೆಯಲ್ಲೇ ಕೈ ಇಟ್ಟಿದ್ದಳು. ಆ ಆರು ವರ್ಷವೂ ನನಗೆ ಅವಳ ಚುಚ್ಚುಮಾತು ತಪ್ಪಲಿಲ್ಲ. ಸೂಜಿ ಮುರಿದರೆ "ಕೈ ನಡುಗಿತೇನೋ", ಲೋಟ ಬಿದ್ದರೆ "ಕೈ ನಡುಗಿತೇನೋ". ನನ್ನ ಹತ್ತಿರ ಕಲಿಯಲು ಬಂದ ಹುಡುಗಿಯರ ಮುಂದೆಯೂ, "ಇವಳ ಹತ್ರ ಏನು ಬೇಕಾದ್ರೂ ಕಲೀರಮ್ಮ, ಕೈ ನಡುಗ್ಸೋದು ಒಂದು ಬಿಟ್ಟು" ಅನ್ನುತ್ತಿದ್ದಳು. ಅವರು ಕಿಸಕ್ಕನೆ ನಗುತ್ತಿದ್ದರು. ನಾನೇನು ಹಸುವಿನಂಥವಳಲ್ಲ, ನನಗೂ ಬಾಯಿದೆ. ಒಂದು ಸಲ ಜಗಳ ತಾರಕಕ್ಕೇರಿ, "ನಿನ್ನಿಂದಲೇ ಕಣೇ ಎಲ್ಲಾ..." ಅಂತ ಅಂದೇಬಿಟ್ಟೆ. "ನನ್ನಿಂದ? ನನ್ನಿಂದ ಏನಾಯ್ತು ಹೇಳು" ಅಂತ ಸೊಂಟಕ್ಕೆ ಕೈಯಿಟ್ಟು ನಿಂತಳು. ಆ ಕೈ ಕಣ್ಣಿಗೆ ಬಿತ್ತು. "ನಿನ್ನಿಂದ ನಂಗೆ ತಲೆನೋವು" ಅಂದು ಎದ್ದುಹೋದೆ. ಖಾಲಾಗೆ ಮಾತ್ರ ಎಲ್ಲ ಹೇಳಿದ್ದೆ. ಅವರು ಕೇಳಿಕೊಂಡು, "ಒಂದು ಮಾತು ಮನೇಲಿ ಹೇಳಿದ್ರೆ ಆಗ್ತಿತ್ತು, ನೀರು ತೋರಿಸ್ಬೇಡಿ ಅಂತ" ಅಂದರು. ಆ ಮಾತು ನನಗೆ ಅಕ್ಕನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಯಾಕೆಂದರೆ ಅದು ನಿಜವಾಗಿತ್ತು.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಅಕ್ಕನ ಬೆರಳು ಮಡಚಲು ಬಾರದಾಯಿತು. ಎಳೆ ಹಿಡಿಯಲು ಹೋದರೆ ಜಾರಿಹೋಗುತ್ತಿತ್ತು. ಗಂಟೆಗಟ್ಟಲೆ ಸುಡುನೀರಿನಲ್ಲಿ ತಡಕಾಡಿ, ಕೊನೆಗೆ ಒಂದು ಮಧ್ಯಾಹ್ನ ತಾನೇ ಒಲೆಗೆ ನೀರು ಚೆಲ್ಲಿ ಆಚೆ ಬಂದಳು. ಯಾವ ಕೆಲಸ ಸಿಕ್ಕಿದ್ದಕ್ಕೂ ಅಲ್ಲ. ಇನ್ನು ಆಗುವುದಿಲ್ಲ ಅಂತ. ಬಂದು ನನ್ನ ಮಿಷನ್ನಿನ ಪಕ್ಕ ನೆಲದ ಮೇಲೆ ಕೂತಳು. ನಾನು ಹೊಲಿಗೆ ನಿಲ್ಲಿಸಿ, ಎಣ್ಣೆ ತಂದು, ಅವಳ ಕೈ ಹಿಡಿದು ತಿಕ್ಕಲು ಶುರುಮಾಡಿದೆ. ಸೀಳುಗಳು ನನ್ನ ಅಂಗೈಗೆ ಗೀರುತ್ತಿದ್ದವು. ಅವಳು ಬೈಯಲಿಲ್ಲ. ಬೈಯಲೂ ಸುಸ್ತಾಗಿದ್ದಳೇನೋ.

"ಅವತ್ತು ನಿನ್ನ ಕೈ ಒಂದು ನಡುಗ್ದೆ ಇದ್ದಿದ್ರೆ..." ಅಂದಳು. ನಾನು ತಿಕ್ಕುತ್ತಲೇ ಇದ್ದೆ. ಅವಳೇ ಮತ್ತೆ, "ನನ್ನ ಕಡೆಯಿಂದ ಏನೂ ಕಮ್ಮಿ ಆಗಿರ್ಲಿಲ್ಲ. ಬಟ್ಟೆ ನಾನು ಹಾಲಿನಂಗೆ ಒಗೆದು ಕಳ್ಸಿದ್ದೆ. ಅಲ್ವೇನೇ?" ಅಂತ ನನ್ನ ಮುಖ ನೋಡಿದಳು.

"ಹೌದಕ್ಕ, ಹಾಲಿನಂಗಿತ್ತು" ಅಂದೆ. "ಇನ್ನೊಂದು ಕೈ ಕೊಡು."